ಜೂನ್ ತಿಂಗಳಲ್ಲೇ ರಿಸಲ್ಟು

ನಮ್ಮ ಹಾವೇರಿ ಸೀಮೆಯ ಕೆಲವು ಪ್ರಾಥಮಿಕ ಶಾಲೆಗಳ ದಕ್ಷತೆಗೆ ಸಾಟಿಯಿಲ್ಲ. ಬೇರೆಡೆ ಏಪ್ರಿಲ್‌ನಲ್ಲಿ ಬರುವ ಫಲಿತಾಂಶ ಇಲ್ಲಿ ಜೂನ್‌ನಲ್ಲೇ, ಮೊದಲ ಹಾಜರಿ ಕೂಗುವಾಗಲೇ ಬಂದುಬಿಡುತ್ತದೆ. ಹೆಸರು ಲಮಾಣಿ, ರಾಠೋಡ ಅಂತಿದ್ದರೆ, "ತಾಂಡಾದಂವ, ಕಬ್ಬು ಕಡಿಯಾಕ ಹೊಕ್ಕಾನ ಬಿಡ್ರಿ." ಹುಸೇನಸಾಬ ಅಂತಿದ್ದರೆ, "ರಾಣೆಬೆನ್ನೂರಾಗ ಗ್ಯಾರೇಜ್ ಐತಲ್ಲ." ಪ್ರಶ್ನೆಪತ್ರಿಕೆ ಬೇಡ, ಮೌಲ್ಯಮಾಪನ ಬೇಡ. ಸರ್ಕಾರಕ್ಕೆ ಎಷ್ಟು ಕಾಗದ ಉಳಿತಾಯ!

"ಇವಕ್ಕ ಕನ್ನಡನ ಬರಂಗಿಲ್ರಿ" ಎಂಬುದು ಕಾಯಂ ದೂರು. ಮನೆಯಲ್ಲಿ ಲಂಬಾಣಿಗರ ಗೋರ್‌ಬೋಲಿ ಇಲ್ಲವೇ ಉರ್ದು, ಓಣಿಯಲ್ಲಿ ಕನ್ನಡ, ಟಿವಿಯಲ್ಲಿ ಹಿಂದಿ. ಆರು ವರ್ಷಕ್ಕೇ ಮೂರು ಭಾಷೆಯಲ್ಲಿ ಜಗಳಾಡಬಲ್ಲ ಪೋರ ದಡ್ಡ. ಇಂಗ್ಲಿಷ್ ಮೀಡಿಯಂನಲ್ಲಿ ಒಂದೂವರೆ ಭಾಷೆ ಕಲಿತ ಮಾಸ್ತರರ ಸ್ವಂತ ಮಗ ಭಾರೀ ಶಾಣ್ಯಾ.

ಹಾಗಂತ ಈ ಮಕ್ಕಳನ್ನು ಮೂಲೆಗೆ ತಳ್ಳಿದ್ದಾರೆ ಅನ್ನಬೇಡಿ. ಕಸ ಗುಡಿಸಲು, ನೀರು ತರಲು ಅವರೇ ಮುಂದು. ಸಾಹೇಬರು ಬರುವ ದಿನವಂತೂ ಕೊನೆಯ ಸಾಲಿನ ಹುಡುಗಿಯರು ಕನ್ನಡಿ ಹೊಲಿದ ಲಂಗ ತೊಟ್ಟು ವೇದಿಕೆಯ ನಟ್ಟನಡುವೆ ಲಂಬಾಣಿ ಕುಣಿತ ಕುಣಿಯುತ್ತಾರೆ. ಚಪ್ಪಾಳೆ ನಿಂತ ಮೇಲೆ ಮತ್ತೆ ಕೊನೆಯ ಸಾಲು. ಅವರಲ್ಲೊಬ್ಬಳು ಅಪ್ಪಿತಪ್ಪಿ ಗಣಿತದಲ್ಲಿ 25ಕ್ಕೆ 24 ತೆಗೆದರೆ ಶಭಾಷ್‌ಗಿರಿ ಇಲ್ಲ, ತನಿಖೆ: "ಯಾರದು ನೋಡಿ ಬರದಿ?"

ಅಮೆರಿಕದ ಸಂಶೋಧಕರಾದ ರೋಸೆಂತಾಲ್ ಮತ್ತು ಜೇಕಬ್‌ಸನ್ 1968ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಚೀಟಿ ಎತ್ತಿದಂತೆ ಕೆಲವು ಮಕ್ಕಳನ್ನು ಆರಿಸಿ, "ಇವರು ಈ ವರ್ಷ ಮಿಂಚುತ್ತಾರೆ" ಎಂದು ಶಿಕ್ಷಕರಿಗೆ ಹೇಳಿದರು. ಸಣ್ಣ ತರಗತಿಯ ಮಕ್ಕಳು ನಿಜವಾಗಿಯೂ ಮಿಂಚಿದರು. ಪ್ರಯೋಗದ ಬಗ್ಗೆ ಪಂಡಿತರ ತಕರಾರು ಇದ್ದೇ ಇದೆ. ನಮ್ಮಲ್ಲಿ ಅದೇ ಪ್ರಯೋಗ ಉಲ್ಟಾ ನಡೆದಿದೆ, ತಕರಾರು ಮಾತ್ರ ಯಾರದೂ ಇಲ್ಲ.

ನಮ್ಮದೇ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಾದರೂ ಚೀಲ ಬಿಚ್ಚಿ, ಕಾಯಿ ಮುರಿದು, ಬಣ್ಣ ನೋಡದೆ ಖರೀದಿದಾರ ದರ ಬರೆಯುವುದಿಲ್ಲ. ಡಬ್ಬಿ ತಳಿಯೋ ಕಡ್ಡಿ ತಳಿಯೋ ಎಂಬುದನ್ನು ಚೀಲದ ಮೇಲಿನ ಹೆಸರು ಓದಿ ಹೇಳುವುದೂ ಇಲ್ಲ. 2024ರ ಮಾರ್ಚ್‌ನಲ್ಲಿ ದರ ಬಿತ್ತೆಂದು ರೈತರು ಎಪಿಎಂಸಿ ಕಚೇರಿಗೇ ಬೆಂಕಿ ಇಟ್ಟರು. (ಅದು ತಪ್ಪೇ, ಬಿಡಿ.) ಶಾಲೆಯಲ್ಲಿ ಮಗನ ದರ ಬಿದ್ದಾಗ ಅಪ್ಪ ಏನು ಮಾಡುತ್ತಾನೆ? "ನೀವು ಹೇಳೂದು ಖರೇನ ರೀ ಸರ" ಎಂದು ಕೈಮುಗಿದು ಹೋಗುತ್ತಾನೆ.

ಅದೇ ಶಾಲೆಯ ಗೋಡೆಯ ಮೇಲೆ ಹಾರ ಹಾಕಿದ ಶಿಶುನಾಳ ಶರೀಫರ ಪಟವಿರುತ್ತದೆ. ಇದೇ ಜಿಲ್ಲೆಯ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಆ ಮುಸ್ಲಿಂ ಹುಡುಗನನ್ನು ಶಿಷ್ಯನೆಂದು ಒಪ್ಪಿದವರು ಕಳಸದ ಗೋವಿಂದ ಭಟ್ಟರು. ಹುಡುಗ ಮುಲ್ಕಿ ಪರೀಕ್ಷೆ ಪಾಸಾದ, ಕೆಲಕಾಲ ಪ್ರಾಥಮಿಕ ಶಾಲೆಯ ಮಾಸ್ತರನೂ ಆಗಿದ್ದ.