ಗೂಡು ಬಿಡಿಸಿದ ಮೇಲೆ ಕೆಂಡ

ಅಕ್ಕಾ, ರೇಷ್ಮೆ ಹುಳ ನಾಲ್ಕನೇ ಜ್ವರದಿಂದ ಎದ್ದವಾ? ಬೆಳಗ್ಗೆಯಿಂದ ಸೊಪ್ಪು ಹೊರ್ತಾನೇ ಇದ್ದೀರಿ. ಒಂದು ಮಾತು ಕೇಳೋಣ ಅಂತ ಬೇಲಿ ಹತ್ತಿರ ಬಂದೆ.

ನಮ್ಮ ತಮ್ಮನ ಮಗ ಬೆಂಗಳೂರಿಂದ ಬರ್ತಾನಂತೆ. ಬರುವಾಗ ಕಬ್ಬಿಣದ ಜಾಲರಿ ತರ್ತಾನಂತೆ, "ಅತ್ತೆ, ಹಿತ್ತಲಲ್ಲಿ ಬಾರ್ಬೆಕ್ಯೂ ಮಾಡೋಣ" ಅಂದ. ಅಕ್ಕನ ಹುಳದ ಮನೆ ಕಿಟಕಿ ನಮ್ಮ ಹಿತ್ತಲಿಗೇ ಇದೆ, ಅವರು ಗೂಡು ಬಿಡಿಸೋವರೆಗೂ ಇಲ್ಲಿ ಹೊಗೆ ಏಳೋ ಹಾಗಿಲ್ಲ ಅಂತ ಹೇಳಿಬಿಟ್ಟೆ. ಹಣ್ಣಾಗಿ ಚಂದ್ರಿಕೆಗೆ ಹತ್ತೋಕೆ ಇನ್ನೊಂದು ವಾರ, ಆಮೇಲೆ ಐದಾರು ದಿನ, ಅಲ್ವಾ? ಗೂಡು ರಾಮನಗರದ ಮಾರ್ಕೆಟ್ ಸೇರಲಿ. ಕೋಳಿ ಎಲ್ಲಿ ಹೋಗುತ್ತೆ?

ಅವನು ಹೇಳೋದು ಚೀನಾ, ಜಪಾನು, ಕೊರಿಯಾದವರ ಥರ ನೆನೆಸೋದು. ಸೋಯಾ ಸಾಸು, ಶುಂಠಿ, ಬೆಳ್ಳುಳ್ಳಿ, ಎಳ್ಳೆಣ್ಣೆ, ಸ್ವಲ್ಪ ಸಿಹಿ. ಸೋಯಾ ರುಚಿ ನಮಗೆ ಹೊಸದಲ್ಲ, ಗೋಬಿ ಗಾಡಿಗಳು ಯಾವಾಗಲೋ ಹತ್ತಿಸಿವೆ. ಸುಡೋದಂತೂ ಹೊಸದೇ ಅಲ್ಲ. ಹೊಸತೊಡಕಿನ ದಿನ ಗುಡ್ಡೆ ಬಾಡು ಮನೆಗೆ ಬರ್ತಿದ್ದ ಹಾಗೇ, ಸಾರಿಗೆ ಖಾರ ರುಬ್ಬೋಕೂ ಮುಂಚೆ, ನಮ್ಮಮ್ಮ ಒಂದು ತುಂಡು ಈಲಿಗೆ ಉಪ್ಪು ಸವರಿ ಒಲೆ ಕೆಂಡದ ಮೇಲೆ ಇಡ್ತಿದ್ರು. ಚುರ್ ಅಂತ ಸದ್ದು. ಮೇಲೆ ಕಪ್ಪಗೆ, ಒಳಗೆ ಮೆತ್ತಗೆ. ಬೂದಿ ಊದಿ ಕೈಗಿಟ್ಟರೆ ಅಂಗೈ ಸುಡ್ತಿತ್ತು, ಕೆಳಗೆ ಬಿಡೋಕೆ ಮನಸ್ಸು ಬರ್ತಿರಲಿಲ್ಲ. ಅಂಥ ರುಚಿ ನಾನು ಆಮೇಲೆ ಎಲ್ಲೂ ಕಂಡಿಲ್ಲ ಅಕ್ಕಾ.

1 ಕೆಜಿ ಕೋಳಿ ಕಾಲಿಗೆ ಸೋಯಾ 4 ಚಮಚ ಸಾಕು. ಅದರಲ್ಲೇ ಉಪ್ಪಿದೆ, ಬೇರೆ ಹಾಕಿದ್ರೆ ಬಾಯಿಗಿಡೋಕಾಗಲ್ಲ. ಆ ದೇಶದವರ ಎಳ್ಳೆಣ್ಣೆ ಹುರಿದ ಎಳ್ಳಿಂದ ತೆಗೆದದ್ದು, ನಮ್ಮ ಗಾಣದ ಎಣ್ಣೆಗೆ ಆ ವಾಸನೆ ಇಲ್ಲ. ಅದಕ್ಕೇ ಒಂದು ಹಿಡಿ ಎಳ್ಳು ಕೆಂಪಗೆ ಹುರಿದು ಕುಟ್ಟಿ ಸೇರಿಸ್ತೀನಿ. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ. ಪುಡಿ ಬಣ್ಣ ನಮ್ಮ ಮನೆಗೆ ಬೇಡ. 2024ರ ಜೂನ್‌ನಲ್ಲಿ ಸರ್ಕಾರವೇ ಕಬಾಬಿಗೆ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಮಾಡಿತಲ್ಲ.

ಏನಂದ್ರಿ, ಪರಂಗಿಕಾಯಿನಾ? ಕುರಿ ಬಾಡಿಗೆ ಹಾಕಿ, ಎಳೇ ಕೋಳಿಗೆ ಬೇಡ. ಹಸಿ ಪರಂಗಿಯ ಹಾಲು ಮಾಂಸದ ನಾರನ್ನೇ ಬಿಡಿಸುತ್ತೆ, ಹೊತ್ತು ಮೀರಿದ್ರೆ ಹಿಟ್ಟು ಹಿಟ್ಟಾಗುತ್ತೆ. ಕೊರಿಯಾದವರು ಬುಲ್ಗೋಗಿಗೆ ಪೇರ್ ಹಣ್ಣು ತುರಿದು ಹಾಕೋದೂ ಮಾಂಸ ಮೆತ್ತಗಾಗಲಿ ಅಂತಲೇ.

ಸಿಹಿ ವಿಷಯದಲ್ಲಿ ಮಾತ್ರ ಹುಷಾರು. ಹೋದ ಸಲ ಬೆಲ್ಲ ಮೊದಲೇ ಕಲಸಿಟ್ಟಿದ್ದೆ. ಉರಿ ತಾಗಿದ್ದೇ ತಡ ಸೀದು ಕಹಿಯಾಯ್ತು, ಮೂಳೆ ಹತ್ತಿರ ಇನ್ನೂ ಕೆಂಪು ನೀರು. ಮಕ್ಕಳ ತಟ್ಟೆಯಿಂದ ವಾಪಸ್ ತೆಗೆದುಕೊಂಡು ಬಾಣಲಿಗೆ ಹಾಕುವಾಗ ಕರುಳು ಚುರ್ ಅಂತು. ಈ ಸಲ ಬೆಲ್ಲದ ಪಾಕವನ್ನ ಬೇರೆ ಬಟ್ಟಲಲ್ಲಿ ಇಟ್ಟುಕೊಂಡು, ಮಾಂಸ ಪೂರ್ತಿ ಬೆಂದ ಮೇಲೆ ಬಾಳೆದಿಂಡಿನ ತುಂಡಲ್ಲಿ ಸವರ್ತೀನಿ. ಹಸಿ ಮಾಂಸ ನೆನೆಸಿದ ನೀರನ್ನ ಬೆಂದದ್ದರ ಮೇಲೆ ಸುರಿಯೋ ಹಾಗೇ ಇಲ್ಲ.

ಕೆಂಡಕ್ಕೆ ತೆಂಗಿನ ಕರಟ. ಜ್ವಾಲೆ ಪೂರ್ತಿ ಇಳಿದು, ಮೇಲೆ ಬಿಳಿ ಬೂದಿ ಕೂತಾಗಲೇ ಜಾಲರಿ ಇಡಬೇಕು. ಕೊಬ್ಬು ತೊಟ್ಟಿಕ್ಕಿ ಉರಿ ಎದ್ದರೆ ತುಂಡನ್ನ ಪಕ್ಕಕ್ಕೆ ಸರಿಸೋದು, ನೀರು ಚಿಮುಕಿಸಿದ್ರೆ ಬೂದಿಯೆಲ್ಲ ಮಾಂಸಕ್ಕೇ ಮೆತ್ತುತ್ತೆ.

ಹೊತ್ತಿಸೋಕೆ ನಿಮ್ಮ ಹಿಪ್ಪುನೇರಳೆ ಕಡ್ಡಿ ಒಂದು ಹೊರೆ ಕೊಡ್ತೀರಾ? ಹುಳದ ಹಾಸಿಗೆಯದು ಬೇಡ, ಅದರ ಮೇಲೆ ಸುಣ್ಣ, ಔಷಧಿ ಪುಡಿ ಬಿದ್ದಿರುತ್ತೆ. ತೋಟದ ಬದುವಲ್ಲಿ ಸವರಿ ಒಣಗಿಸಿದ್ದೀರಲ್ಲ, ಅದು. ಗೂಡಿನ ಗಾಡಿ ಹೊರಟ ದಿನ ಬೇಲಿ ಹತ್ತಿರ ಒಂದು ಕೂಗು ಹಾಕಿ, ಅವತ್ತು ರಾತ್ರಿಗೇ ಮಾಂಸ ನೆನೆಸಿಡ್ತೀನಿ. ನೀವು ಒಲೆ ಹಚ್ಚಬೇಡಿ.