ನಗುನಗುತ್ತಾ ವೈಕುಂಠಕ್ಕೆ

ದೊಡ್ಡಪ್ಪನ ವೈಕುಂಠ ಸಮಾರಾಧನೆಯ ಕಾರ್ಡು ಮಾಡಿಸುವ ಕೆಲಸ ನನ್ನ ತಲೆಗೆ ಬಂತು. ಮನೆಯಲ್ಲಿ ಕಂಪ್ಯೂಟರ್ ಬಲ್ಲವನು ನಾನೊಬ್ಬನೇ ಎಂಬ ಹಳೇ ವದಂತಿ ಇನ್ನೂ ಸತ್ತಿಲ್ಲ. ಕನ್ನಡದ ಮಗ್ಗುಲನ್ನು ಡಿಟಿಪಿ ಹುಡುಗ 'ನುಡಿ' ತಂತ್ರಾಂಶದಲ್ಲಿ ಗಂಭೀರವಾಗಿ ಹೊಡೆದುಕೊಟ್ಟ. "ಇಂಗ್ಲಿಷಿಗೆ ಯಾವ ಫಾಂಟು ಸಾರ್?" ಅಂದ. "ಕಾಮಿಕ್ ಸ್ಯಾನ್ಸ್" ಅಂದೆ. ಅವನು ದೊಡ್ಡಪ್ಪನ ಫೋಟೋ ನೋಡಿದ, ನನ್ನನ್ನು ನೋಡಿದ, ಹಾಕಿದ.

ನಾಲ್ಕು ಗೆರೆಯ ಕಾಪಿ ಪುಸ್ತಕ ಎಷ್ಟು ತುಂಬಿಸಿದರೂ ನನಗೆ ಒಲಿಯದ ದುಂಡನೆಯ ಕೈಬರಹ ಅದು. 1994ರಲ್ಲಿ ಮೈಕ್ರೋಸಾಫ್ಟಿನ ವಿನ್ಸೆಂಟ್ ಕೊನೇರ್, 'ಬಾಬ್' ಎಂಬ ತಂತ್ರಾಂಶದ ಬೊಂಬೆ ನಾಯಿ ಟೈಮ್ಸ್ ನ್ಯೂ ರೋಮನ್ನಿನಲ್ಲಿ ಮಾತಾಡುವುದನ್ನು ಸಹಿಸಲಾರದೆ, ಕಾಮಿಕ್ಸ್ ಪುಸ್ತಕ ಮುಂದಿಟ್ಟುಕೊಂಡು ರೂಪಿಸಿದ್ದು. ನಾಯಿಗೆಂದು ಹೊಲಿದ ಅಂಗಿ ನಾಯಿಗೆ ದಕ್ಕದೆ ಲೋಕಕ್ಕೆಲ್ಲ ಹಂಚಿಹೋಯಿತು. ಒಂದು ನಮ್ಮ ದೊಡ್ಡಪ್ಪನ ಪಾಲಿಗೂ ಬಂತು.

ಮುನ್ನೂರು ಕಾರ್ಡು ಅಚ್ಚಾಗಿ ಬಂದ ಮೇಲೆ ಕಣ್ಣು ಬಿಟ್ಟೆ. 'ಸ್ಯಾಡ್ ಡಿಮೈಸ್' ಎಂಬ ಎರಡು ಪದ ಬಲೂನು ಹಿಡಿದು ನಿಂತಿದ್ದವು. 'ಪಾಸ್ಡ್ ಅವೇ'ಯ ಜೋಡಿ ಎಸ್‌ಗಳು ಕೈಕೈ ಹಿಡಿದು ಕುಣಿಯುತ್ತಿದ್ದವು. ಓ ಅಕ್ಷರಗಳು ಒಂದೊಂದೂ ಪಾಕದಲ್ಲಿ ನೆನೆದ ಜಾಮೂನು. ದೊಡ್ಡಪ್ಪನ ಎಂಬತ್ತೆಂಟು ವರ್ಷ ಕೂಡ, ಎಂಟರ ಹುಟ್ಟುಹಬ್ಬಕ್ಕೆ ಇನ್ನೊಂದು ಎಂಟು ಜೊತೆಗೆ ಬಂದ ಹಾಗೆ ಕಾಣುತ್ತಿತ್ತು. ಪಕ್ಕದ ಮನೆಯ ಪೋರ ಕಾರ್ಡು ತಿರುಗಿಸಿ ನೋಡಿ ಕೇಳಿದ: "ಅಂಕಲ್, ರಿಟರ್ನ್ ಗಿಫ್ಟ್ ಏನು?"

ಅಣ್ಣನ ಮಗ ಡಿಸೈನರು. ವಾಟ್ಸ್ಯಾಪಿನಲ್ಲಿ ಅರ್ಧ ಗಂಟೆ ಉಪದೇಶ ಮಾಡಿದ. ನಾನೂ ಬಿಡಲಿಲ್ಲ. 2012ರ ಜುಲೈ 4ರಂದು ಸರ್ನ್‌ನಲ್ಲಿ ಹಿಗ್ಸ್ ಬೋಸಾನ್ ಸುದ್ದಿ ಹೇಳುವಾಗ ವಿಜ್ಞಾನಿ ಫಾಬಿಯೋಲಾ ಜಿಯಾನೊಟ್ಟಿ ಬಳಸಿದ್ದು ಇದೇ ಫಾಂಟು ಎಂದು ಬಾಣ ಬಿಟ್ಟೆ. "ಅವರು ಕಣ ಹುಡುಕಿದ್ರು ಚಿಕ್ಕಪ್ಪಾ, ನೀವು ಬರೀ ಫಾಂಟ್ ಹುಡುಕಿದ್ರಿ" ಅಂದ. ಇವನ ಗೃಹಪ್ರವೇಶದ ಕಾರ್ಡು ಬಿಳಿಯ ಮೇಲೆ ತೆಳು ಬೂದು. ಮುಹೂರ್ತ ಓದಲಾಗದೆ ಅರ್ಧ ಬಂಧುಗಳು ಊಟದ ಹೊತ್ತಿಗೆ ಬಂದರು. (ಅವರು ಹೇಗೂ ಊಟದ ಹೊತ್ತಿಗೇ ಬರುವವರು, ಬಿಡಿ.)

ಹದಿಮೂರನೆಯ ದಿನ ಪಂಕ್ತಿಯಲ್ಲಿ ತಂಗಿಯ ಮಗಳು ನನ್ನ ಪಕ್ಕ ಕೂತಿದ್ದಳು. ಒಂಬತ್ತು ವರ್ಷ. ಬಿ ಯಾವುದು, ಡಿ ಯಾವುದು ಎಂದು ದಿನವೂ ಅಳು, ಶಾಲೆಯಿಂದ ದಿನವೂ ದೂರು. ಕಾಮಿಕ್ ಸ್ಯಾನ್ಸಿನಲ್ಲಿ ಆ ಎರಡು ಅಕ್ಷರ ಒಂದರ ಕನ್ನಡಿ ಬಿಂಬ ಒಂದಲ್ಲ. ಓದಲು ತೊಡರುವವರಿಗಾಗಿ ಬ್ರಿಟಿಷ್ ಡಿಸ್ಲೆಕ್ಸಿಯಾ ಅಸೋಸಿಯೇಷನ್ ಸೂಚಿಸುವ ಫಾಂಟುಗಳಲ್ಲಿ ಅದೂ ಇದೆ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ, ವಾದಕ್ಕೆ ಇನ್ನಷ್ಟು ಬಾಣ ಹುಡುಕುವಾಗ. ಅವತ್ತು ಕಂಡದ್ದು ಇಷ್ಟೇ: ಅವಳು ಎಲೆಯ ಪಕ್ಕ ಕಾರ್ಡು ಇಟ್ಟುಕೊಂಡು, ಸಾಲಿನ ಮೇಲೆ ಬೆರಳು ಎಳೆಯುತ್ತಾ, 'ಬಿಲವೆಡ್' ಅಂತ ಗಟ್ಟಿಯಾಗಿ ಓದಿದಳು. ಒಂದೇ ಪದದಲ್ಲಿ ಬಿ, ಡಿ ಎರಡೂ. ತಂಗಿ ಸಾರು ಕಲಸುವುದನ್ನು ನಿಲ್ಲಿಸಿದಳು.

ಎದುರು ಸಾಲಿನಿಂದ ದೊಡ್ಡಮ್ಮ, "ಇನ್ನೊಂದ್ಸಲ ಓದು ಮರಿ" ಅಂದರು. ಪಾಯಸದವನು ಬಕೆಟ್ ಹಿಡಿದು ನಿಂತೇ ಇದ್ದ.