ಚಂಗಾಳ್ವರ ಛಾಂಗು: ಹೊಲದ ಬಿಯರು ಮತ್ತು ಕಾಲಕಾಲದ ಊಟ ಕುರಿತ ಒಂದು ಗಂಭೀರ ಸಂಶೋಧನೆ

ಹೊಲದ ಮನೆಯಲ್ಲೇ ಬಿಯರು ಹುದುಗಿಸಿ, ಆಯಾ ಕಾಲದ ಬೆಳೆಯನ್ನೇ ಬೇಯಿಸಿ ಬಡಿಸುವ ಪದ್ಧತಿ ಬೆಲ್ಜಿಯಂ ರೈತರದು ಎನ್ನುತ್ತಾರೆ ಪಾಶ್ಚಾತ್ಯ ಪಂಡಿತರು. ಪಾಪ, ಅವರು ಪಿರಿಯಾಪಟ್ಟಣದ ಬಸ್ಸು ಹತ್ತಿದವರಲ್ಲ. ಹತ್ತಿದ್ದರೆ ಟಿಬೆಟನ್ ನಿರಾಶ್ರಿತರ ನೆಲೆಯಾದ ಬೈಲಕುಪ್ಪೆಯ ಹೆಸರಲ್ಲೇ ಸಾಕ್ಷ್ಯ ಸಿಗುತ್ತಿತ್ತು. ಸಾಮಾನ್ಯ ಕನ್ನಡಿಗ ಅದನ್ನು 'ಬಯಲು', 'ಕುಪ್ಪೆ' ಎಂದು ಬಿಡಿಸಿ, ಕುಪ್ಪೆಯೆಂದರೆ ರಾಶಿ ಎಂದುಕೊಂಡು ಸುಮ್ಮನಾಗುತ್ತಾನೆ. ಪ್ರಸ್ತುತ ಸಂಶೋಧಕರು ಕೊನೆಯ ಎಕಾರವನ್ನು ಇಕಾರವಾಗಿ ಓದಿದ್ದಾರೆ: ಬಯಲ ಕುಪ್ಪಿ. ಬಯಲಲ್ಲಿ ಸೀಸೆ; ಇನ್ನೇನು ಬೇಕು?

ಎರಡನೆಯ ಸಾಕ್ಷ್ಯ ಇನ್ನೂ ಬಲವಾದದ್ದು. ಹುಣಸೂರಿನ ಸುತ್ತಿನ ಸೀಮೆಗೆ ಹಿಂದೆ ಚಂಗನಾಡು ಎಂದು ಹೆಸರು, ಅದನ್ನಾಳಿದವರು ಚಂಗಾಳ್ವರು. ಟಿಬೆಟನ್ ಭಾಷೆಯಲ್ಲಿ ಬಾರ್ಲಿ ಬಿಯರಿಗೆ 'ಛಾಂಗ್'. ಆದ್ದರಿಂದ ಚಂಗಾಳ್ವನೆಂದರೆ ಛಾಂಗನ್ನು ಆಳಿದವನು. (ಛಾಂಗೇ ಅವನನ್ನು ಆಳಿತೆಂಬ ಪಾಠಾಂತರಕ್ಕೂ ಅವಕಾಶವಿದೆ.) ಛಕಾರದ ಮಹಾಪ್ರಾಣ ಎಲ್ಲಿ ಹೋಯಿತೆಂದು ವೈಯಾಕರಣರು ಕೇಳಬಹುದು. ಮೈಸೂರು ಸೀಮೆಯ ಮಹಾಪ್ರಾಣಗಳೆಲ್ಲ ಎಲ್ಲಿಗೆ ಹೋಗುತ್ತವೋ ಅಲ್ಲಿಗೇ.

ಈ ಸಿದ್ಧಾಂತಕ್ಕೆ ತೊಡಕು ಒಂದೇ, ಕಾಲದ್ದು. ಚಂಗಾಳ್ವರ ಪಿರಿಯಾಪಟ್ಟಣ 1644ರಲ್ಲಿ ಮೈಸೂರು ಅರಸರ ವಶವಾಯಿತು. ದಲೈ ಲಾಮಾ ಭಾರತಕ್ಕೆ ಬಂದದ್ದು 1959ರಲ್ಲಿ. ಅಂದಿನ ಮೈಸೂರು ಸರ್ಕಾರ ಸುಮಾರು 3,000 ಎಕರೆ ಕಾಡುಭೂಮಿ ಕೊಟ್ಟು, ಟಿಬೆಟನ್ನರು ಬೈಲಕುಪ್ಪೆಗೆ ಬರತೊಡಗಿದ್ದು 1960ರಲ್ಲಿ. ನಡುವಿನ 316 ವರ್ಷ ಈ ಸೀಮೆ ಏನು ಕುಡಿಯಿತು? ಮಜ್ಜಿಗೆ. ಈಚಲು ಮರಗಳ ಸಾಕ್ಷ್ಯವನ್ನು ಅಡಿಟಿಪ್ಪಣಿಗೆ ದೂಡಲಾಗಿತ್ತು. ಅಡಿಟಿಪ್ಪಣಿ ಅಚ್ಚಿನಲ್ಲಿ ಬಿಟ್ಟುಹೋಗಿದೆ.

ಕ್ಷೇತ್ರಕಾರ್ಯ ಆಗಸ್ಟಿನಲ್ಲಿ ನಡೆಯಿತು. ಹುಣಸೂರು ದಾಟುತ್ತಲೇ ಹೊಲಗಳ ನಡುವೆ ಎತ್ತರದ ಗೋಡೆಯ, ಹೊಗೆಯಾಡುವ ಕಟ್ಟಡಗಳು ಕಂಡವು. ಸಂಶೋಧಕರು ಬಸ್ಸಿನಿಂದ ಇಳಿದೇಬಿಟ್ಟರು.

"ಬಿಯರಾ? ಬ್ಯಾರನ್ನು ಕಣ್ ಸ್ವಾಮಿ," ಎಂದ ರೈತ.

ಒಳಗೆ ಹದವಾಗುತ್ತಿದ್ದದ್ದು ವರ್ಜೀನಿಯಾ ಹೊಗೆಸೊಪ್ಪು. ಬಿಯರು–ಬ್ಯಾರನ್ನುಗಳ ಧ್ವನಿಸಾಮ್ಯವನ್ನು ಮುಂದಿನ ಸಂಪುಟಕ್ಕೆ ಕಾಯ್ದಿರಿಸಲಾಗಿದೆ.

ಛಾಂಗಿನ ವಿಧಾನ ಮಾತ್ರ ತಮಾಷೆಯದಲ್ಲ. ಬಾರ್ಲಿಯನ್ನು ಬೇಯಿಸಿ, ಬಟ್ಟೆಯ ಮೇಲೆ ಹರವಿ ಆರಿಸಿ, 'ಫಾಬ್' ಎಂಬ ಹೆಪ್ಪನ್ನು ಪುಡಿಮಾಡಿ ಉದುರಿಸಿ, ಮಡಕೆಗೆ ತುಂಬಿ ಕಂಬಳಿ ಹೊದಿಸುತ್ತಾರೆ. ಎರಡು ಮೂರು ದಿನಕ್ಕೆ ಘಮ ಏಳುತ್ತದೆ. ನೀರು ಬೆರೆಸಿ ಸೋಸಿದರೆ ಆಯಿತು. ಚಳಿಗಾಲದಲ್ಲಿ ದೋಸೆಹಿಟ್ಟಿನ ಪಾತ್ರೆಗೆ ಟವೆಲು ಸುತ್ತುವ ತಾಯಂದಿರಿಗೆ ಇದನ್ನು ವಿವರಿಸಬೇಕಿಲ್ಲ. ಕುಡಿಯುವ ಮೊದಲು ಉಂಗುರ ಬೆರಳು ಅದ್ದಿ ಮೂರು ಸಲ ಚಿಮುಕಿಸಬೇಕು. ಮೂರು ಗುಟುಕಿನವರೆಗೆ, ಗುಟುಕಿಗೊಮ್ಮೆ ಲೋಟವನ್ನು ಮತ್ತೆ ತುಂಬುತ್ತಾರೆ. ಆಮೇಲೆ ಪೂರ್ತಿ ಖಾಲಿ ಮಾಡಬೇಕು. ಹೊಸ ವರ್ಷದ ಲೋಸಾರ್ ಬೆಳಗ್ಗೆ ಬಿಸಿ ಛಾಂಗಿಗೆ ಹುರಿದ ಬಾರ್ಲಿ ಹಿಟ್ಟು, ಒಣಗಿಸಿದ ಚೀಸು, ಸಿಹಿ ಬೆರೆಸಿದ ಛಾಂಗ್‌ಕೋಲ್ ಉಂಟು. ಬೈಲಕುಪ್ಪೆಯ ಸೆರಾ, ನಮ್‌ಡ್ರೋಲಿಂಗ್ ಮಠಗಳ ಭಿಕ್ಷುಗಳಿಗೆ ಇದಾವುದೂ ಸಲ್ಲದು. ಅವರ ವಿನಯ ನಿಯಮದಲ್ಲಿ ಮದ್ಯ ನಿಷಿದ್ಧ.

ಆದರೆ ಬೈಲಕುಪ್ಪೆಯದು ಬಾರ್ಲಿಯ ನೆಲವಲ್ಲ. ಕಾಡು ಕಡಿದು, ಆನೆ ಅಟ್ಟಿ ನಿರಾಶ್ರಿತರು ಬೆಳೆದದ್ದು ಮುಸುಕಿನ ಜೋಳ. ಸುತ್ತಲಿನವರದು ರಾಗಿ, ಮತ್ತು ಈ ಪ್ರಬಂಧದ ನಿಜವಾದ ದುಃಖ ಇರುವುದು ರಾಗಿಯಲ್ಲಿ. ಪೂರ್ವ ನೇಪಾಳ, ಸಿಕ್ಕಿಮ್ ಕಡೆ ರಾಗಿಯನ್ನು ಹುದುಗಿಸಿ, ಬಿದಿರ ಪಾತ್ರೆಗೆ ತುಂಬಿ, ಬಿಸಿನೀರು ಹೊಯ್ದು ಕೊಳವೆಯಲ್ಲಿ ಹೀರುತ್ತಾರೆ, ಅದು ತೋಂಗ್ಬಾ. ಅಲ್ಲಿಯವನು ಸಂಜೆಯಿಡೀ ಹೀರುವ ರಾಗಿಯನ್ನು ಹುಣಸೂರಿನವನು ಮುದ್ದೆ ಕಟ್ಟಿ, ಅಗಿಯದೆ ನುಂಗಿ, ಕೈತೊಳೆದು ಹೊಲಕ್ಕೆ ಹೊರಟಿರುತ್ತಾನೆ.

ಪಾಕಶಾಸ್ತ್ರಕ್ಕೇನೂ ಈ ಸೀಮೆ ಬಡವಲ್ಲ. ಚಂಗಾಳ್ವರ ಸೀಮೆಯ ಕಲ್ಲಹಳ್ಳಿಯ ಪ್ರಭು ಮೂರನೆಯ ಮಂಗರಸ 16ನೆಯ ಶತಮಾನದ ಆದಿಯವನು, 'ಸೂಪಶಾಸ್ತ್ರ' ಬರೆದವನು. ಅದರಲ್ಲಿ ಪಾನಕಕ್ಕೇ ಒಂದು ಅಧ್ಯಾಯವಿದೆಯೆಂದು ತಿಳಿದು ಸಂಶೋಧಕರ ಕೈ ನಡುಗಿತು. ಛಾಂಗಿನ ಸುಳಿವಿಲ್ಲ. ಕವಿ ಜೈನ.

ಇನ್ನುಳಿದದ್ದು ಕಾನೂನು. 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. 2007ರ ಜುಲೈ 1ರಿಂದ ಸಾರಾಯಿಯೂ ಬಂದ್. ಹೀಗಾಗಿ ಕ್ಷೇತ್ರಕಾರ್ಯದ ಊಟ ಒಣ ಗಂಟಲಲ್ಲೇ ಮುಗಿಯಿತು: ಮಧ್ಯಾಹ್ನ ತುಕ್ಪಾ ಎಂಬ ಟಿಬೆಟನ್ ನೂಡಲ್ಸ್ ಸೂಪು, ರಾತ್ರಿ ಮುದ್ದೆಗೆ ಮಳೆಗಾಲದ ಕಳಲೆ ಸಾರು. ಡಿಸೆಂಬರಿನಲ್ಲಿ ಹೋಗಿದ್ದರೆ ಸೊಗಡವರೆ ಸಿಗುತ್ತಿತ್ತು. ಸಂಶೋಧನೆಗೆ ಋತುಜ್ಞಾನ ಸಾಲದಾಯಿತು. ನಡುವೆ ಕುಡಿದದ್ದು ಬೆಣ್ಣೆ, ಉಪ್ಪು ಹಾಕಿದ ಟಿಬೆಟನ್ ಚಹಾ.

ಚಂಗಾಳ್ವರ ಯಾವುದಾದರೂ ಶಾಸನದಲ್ಲಿ ಹೆಪ್ಪು, ಮಡಕೆ, ಕಂಬಳಿ ಮೂರೂ ಒಂದೇ ಸಾಲಿನಲ್ಲಿ ಕಂಡ ಓದುಗರು ದಯವಿಟ್ಟು ತಿಳಿಸಬೇಕು. ಬಸ್ ಚಾರ್ಜು ಕೊಡಲಾಗುವುದು. ಬಿಯರು ಕೊಡಲಾಗದು.